ಹವಳದ ಗಾಯಕ್ಕೆ ಮದ್ದು ಯಾವುದು?

ಉಪ್ಪುನೀರು ತುಂಬಿದ ಗಾಜಿನ ತೊಟ್ಟಿಯಲ್ಲಿ ಹವಳ ಸಾಕುವವರು ಎಲ್ಲಕ್ಕಿಂತ ಹೆಚ್ಚು ಹೆದರುವುದು ಒಂದು ಬಿಳಿ ಕಲೆಗೆ. ರಾತ್ರಿ ದೀಪ ಆರಿಸುವಾಗ ಕಂದು ಇಲ್ಲವೇ ಹಸಿರು ಬಣ್ಣದಲ್ಲಿದ್ದ ಕೊಂಬೆಯ ಬುಡ ಬೆಳಗಾಗುವಷ್ಟರಲ್ಲಿ ಬೆಳ್ಳಗಾಗಿರುತ್ತದೆ. ಮೇಲಿನ ಮಾಂಸ ಕಳಚಿಹೋಗಿ ಒಳಗಿನ ಅಸ್ಥಿ ಹೊರಗೆ ಬಿದ್ದಿದೆ ಎಂದು ಅದರ ಅರ್ಥ. ಕೆಲವು ಸಲ ಆ ಕಲೆ ಅಲ್ಲಿಗೇ ನಿಂತು, ತಿಂಗಳೆರಡು ತಿಂಗಳಲ್ಲಿ ಮುಚ್ಚಿಕೊಳ್ಳುತ್ತದೆ. ಕೆಲವು ಸಲ ಸಂಜೆಯೊಳಗೆ ಇಡೀ ಹವಳ ಬೋಳಾಗುತ್ತದೆ. ಹೀಗೇಕೆ, ಇದರಲ್ಲಿ ಮನುಷ್ಯ ಕೈಹಾಕಿ ತಡೆಯಬಹುದಾದದ್ದು ಎಷ್ಟು ಎಂಬ ಬಗ್ಗೆ ಹವಳ ಸಾಕುವವರೂ ಕಡಲ ವಿಜ್ಞಾನಿಗಳೂ ಹಲವು ದಶಕಗಳಿಂದ ತಿಳಿವಳಿಕೆ ಕೂಡಿಸಿದ್ದಾರೆ. ಅದರಲ್ಲಿ ಗಟ್ಟಿಯಾದದ್ದು ಯಾವುದು, ಜೊಳ್ಳು ಯಾವುದು ಎಂದು ತೂಗಿ ನೋಡಬೇಕಾಗಿದೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕಡೆಯವರಿಗೆ ಇದು ದೂರದ ವಿಷಯ ಅನ್ನಿಸಬಹುದು. ನಮ್ಮದು ಘಟ್ಟದ ಮೇಲಿನ ಸೀಮೆ. ಆದರೆ ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ಒಳಗೆ, ನೇತ್ರಾಣಿ ದ್ವೀಪದ ಬುಡದಲ್ಲಿ ಜೀವಂತ ಹವಳವಿದೆ. ಕರ್ನಾಟಕದಲ್ಲಿ ಹವಳ ನೋಡಲು ಮುಳುಗು ಹಾಕುವವರು ಹೋಗುವುದು ಅಲ್ಲಿಗೇ. ಜೋಯಿಡಾದ ಕಾಡಿನಲ್ಲಿ ಹುಟ್ಟುವ ಕಾಳಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸೇರುವುದೂ ಅದೇ ಅರಬ್ಬಿ ಸಮುದ್ರವನ್ನು. ನಮ್ಮ ಪೇಟೆಗಳಲ್ಲಿ ಅಕ್ವೇರಿಯಂ ಇಡುವವರಿಗೆ ಈಗ ಉಪ್ಪುನೀರಿನ ತೊಟ್ಟಿಯ ಆಸೆ ಹುಟ್ಟುವುದೂ ಸಹಜ. ಮೊಬೈಲ್ ಪರದೆಯಲ್ಲಿ ಜಗತ್ತಿನ ಎಲ್ಲ ಹವಳ ತೊಟ್ಟಿಗಳೂ ಹೊಳೆಯುತ್ತಿವೆ.

ಆ ಆಸೆ ಇರುವವರಿಗೆ ಮೊದಲು ಕಾನೂನಿನ ಮಾತು ಹೇಳಿಬಿಡಬೇಕು. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರ ಮೊದಲನೇ ಅನುಸೂಚಿಗೆ 2001ರಲ್ಲಿ ಹವಳಗಳು ಸೇರಿದವು. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪುಹವಳಗಳು, ಆರ್ಗನ್ ಪೈಪ್ ಹವಳ, ಬೆಂಕಿಹವಳ, ಸಮುದ್ರ ಬೀಸಣಿಗೆಗಳು ಆ ಪಟ್ಟಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ನೇತ್ರಾಣಿಯಿಂದ ಒಂದು ತುಂಡು ಕಿತ್ತು ತಂದರೂ, ಅಂಥದ್ದನ್ನು ಯಾರಿಂದಲೋ ಕೊಂಡರೂ ಅಪರಾಧವೇ. ಶಿಕ್ಷೆ 3 ವರ್ಷದಿಂದ 7 ವರ್ಷದವರೆಗೆ ಸೆರೆ. ಕಲ್ಲುಹವಳಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಗೆ ಒಳಪಟ್ಟಿದೆ, ಅಂದರೆ ಪರವಾನಗಿಯಿಲ್ಲದೆ ಗಡಿ ದಾಟುವಂತಿಲ್ಲ. ಈ ಐದು ಗುಂಪಿನ ಹೊರಗೆ ಉಳಿಯುವುದು ಜೋಆಂಥಿಡ್, ಅಣಬೆ ಹವಳ, ಲೆದರ್ ಹವಳದಂಥ ಅಸ್ಥಿಯಿಲ್ಲದ ಮೆದುಜೀವಿಗಳು. ಅವನ್ನು ಕೊಳ್ಳುವಾಗಲೂ ಎಲ್ಲಿಂದ ಬಂತು, ಕಾಗದಪತ್ರ ಏನಿದೆ ಎಂದು ಕೇಳಿಯೇ ಕೊಳ್ಳಬೇಕು. ಈ ನಿರ್ಬಂಧ ಸರಿಯಾದದ್ದೆಂದು ನಾನು ನಂಬುತ್ತೇನೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್, ಗುಂಡು ಜಾತಿಗಳಲ್ಲಿ ಅದಕ್ಕಿಂತಲೂ ಕಡಿಮೆ ಬೆಳೆಯುವ ಜೀವಿಯನ್ನು ಮನೆಮನೆಗೆ ಹಂಚುವಷ್ಟು ಹವಳ ನಮ್ಮ ಕಡಲಲ್ಲಿ ಇಲ್ಲ.

ಹಾಗಿದ್ದೂ ಹವಳದ ಗಾಯದ ಬಗ್ಗೆ ತಿಳಿಯಬೇಕಾದ್ದು ಯಾಕೆಂದರೆ, ಮನೆಯ ತೊಟ್ಟಿಗಳಲ್ಲಿ ಕಲಿತ ವಿದ್ಯೆಯೇ ಈಗ ಕಡಲಿನ ಹವಳವನ್ನು ಉಳಿಸಲು ಬಳಕೆಯಾಗುತ್ತಿದೆ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬವರು ಸಮುದ್ರದ ಜೀವಂತ ಕಲ್ಲು ಮತ್ತು ಗಾಳಿಯ ಗುಳ್ಳೆಗಳಷ್ಟರಿಂದಲೇ ಹವಳ ಬದುಕಿಸಿದ್ದನ್ನು ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದರು. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಜೀವಂತ ಕಲ್ಲಿನ ಜೊತೆಗೆ ನೊರೆ ತೆಗೆಯುವ ಸ್ಕಿಮ್ಮರ್, ಬಲವಾದ ಬೆಳಕು, ಸುಣ್ಣದ ನೀರು ಸೇರಿಸಿ ಕಲ್ಲುಹವಳವನ್ನು ಬೆಳೆಸಿದರು. ಲಂಡನ್ನಿನ ಹಾರ್ನಿಮನ್ ಸಂಗ್ರಹಾಲಯದಲ್ಲಿ ಜೇಮಿ ಕ್ರ್ಯಾಗ್ಸ್ ತಂಡ ಚಂದ್ರನ ಬೆಳಕನ್ನೂ ಋತುವಿನ ಉಷ್ಣತೆಯನ್ನೂ ತೊಟ್ಟಿಯಲ್ಲಿ ಅನುಕರಿಸಿ ಹವಳ ಸಂತಾನಕ್ಕೆ ಬರುವಂತೆ ಮಾಡಿತು. ಫ್ಲೋರಿಡಾದಲ್ಲಿ ಹವಳದ ರೋಗವೊಂದು ಹಬ್ಬುವ ಮುನ್ನ ಕಡಲಿನಿಂದ ಎತ್ತಿದ ಹವಳಗಳು ಈಗ ಉಳಿದಿರುವುದೂ ಇಂಥ ತೊಟ್ಟಿಗಳಲ್ಲೇ.

ಗಾಯ ಮಾಯುವುದು ಹೇಗೆಂದು ಅರಿಯಲು ಹವಳದ ಮೈ ಹೇಗಿದೆ ಎಂಬುದನ್ನು ನೋಡಬೇಕು. ನಾವು ಒಂದು ಹವಳ ಎನ್ನುವುದು ಸಾವಿರಾರು ಪಾಲಿಪ್‌ಗಳ ಒಕ್ಕಲು. ಒಂದೊಂದು ಪಾಲಿಪ್‌ಗೂ ಬಾಯಿ, ಅದರ ಸುತ್ತ ಕರಬಳ್ಳಿಗಳು, ಕೆಳಗೆ ತಾನೇ ಕಟ್ಟಿಕೊಂಡ ಸುಣ್ಣದ ಬಟ್ಟಲು. ಪಾಲಿಪ್‌ಗಳ ನಡುವೆ ತೆಳುವಾದ ಮಾಂಸದ ಹಾಸು ಇದ್ದು, ಒಂದು ಉಂಡದ್ದು ಇನ್ನೊಂದಕ್ಕೆ ಹೋಗುತ್ತದೆ. ಈ ಮಾಂಸ ಎರಡೇ ಪದರ ಜೀವಕೋಶ ಮತ್ತು ನಡುವೆ ಒಂದು ಲೋಳೆ ಪೊರೆ. ಒಳಪದರದ ಕೋಶಗಳಲ್ಲಿ ವಾಸಿಸುವ ಸೂಕ್ಷ್ಮ ಪಾಚಿ ಬೆಳಕಿನಲ್ಲಿ ಸಕ್ಕರೆ ತಯಾರಿಸಿ ಹವಳದ ಹೊಟ್ಟೆ ತುಂಬಿಸುತ್ತದೆ. ಹವಳಕ್ಕೆ ರಕ್ತವಿಲ್ಲ, ಮಾತ್ರೆ ನುಂಗಿಸಿ ಮೈಯೆಲ್ಲ ಹರಡುವ ದಾರಿಯಿಲ್ಲ. ಅದರ ಮೇಲ್ಮೈ ಪೂರ್ತಿ ನೀರಿಗೆ ತೆರೆದುಕೊಂಡಿದೆ. ನೀರು ಕೆಟ್ಟರೆ ಅದೇ ಕ್ಷಣ ಹವಳಕ್ಕೆ ತಟ್ಟುವುದೂ, ನೀರು ಸರಿಯಾದರೆ ಗಾಯ ತಾನಾಗಿ ಕೂಡಿಕೊಳ್ಳುವುದೂ ಇದರಿಂದಲೇ.

ಹರಿದ ಅಂಚಿನಲ್ಲಿ ಮೊದಲು ಕೋಶಗಳು ಮುದ್ದೆಗಟ್ಟಿ ತೆರಪನ್ನು ಬಿಗಿಯುತ್ತವೆ. ರಕ್ಷಣಾ ಕೋಶಗಳು ಅಲ್ಲಿಗೆ ಬಂದು ಸೇರುತ್ತವೆ, ಮೆಲನಿನ್ ಬಣ್ಣ ಕಟ್ಟುತ್ತದೆ, ಹೊಸ ಹೊರಪದರ ಅಂಚಿನಿಂದ ಒಳಗೆ ತೆವಳುತ್ತದೆ. ಚಿಕ್ಕ ಗಾಯದಲ್ಲಿ ಮೊದಲ ಹಂತಗಳು ದಿನವೆರಡು ದಿನದಲ್ಲೇ ಮುಗಿಯುತ್ತವೆ. ಪಾಲಿಪ್ ಮರಳಿ ಮೂಡಿ ಬಣ್ಣ ಬರಲು ವಾರಗಳು ಬೇಕು. ಮಾಯುವಿಕೆ ಅಂಚಿನಿಂದ ಬರುವುದರಿಂದ, ಸುತ್ತಳತೆಯ ಲೆಕ್ಕದಲ್ಲಿ ವಿಸ್ತಾರ ಕಡಿಮೆಯಿರುವ ಗಾಯ ಬೇಗ ಕೂಡುತ್ತದೆ. ಉದ್ದನೆಯ ತೆಳು ಗೀರು ಮುಚ್ಚುವಷ್ಟು ಸಲೀಸಾಗಿ ಅಷ್ಟೇ ವಿಸ್ತಾರದ ದುಂಡನೆಯ ಕಲೆ ಮುಚ್ಚುವುದಿಲ್ಲ. ಬೋಳು ಅಸ್ಥಿ ತುಂಬ ದಿನ ಖಾಲಿಯೂ ಇರುವುದಿಲ್ಲ. ಉಳುಮೆ ನಿಂತ ಗದ್ದೆಯಲ್ಲಿ ಕಳೆ ಏಳುವಂತೆ ಪಾಚಿ ಅದನ್ನು ಹಿಡಿಯುತ್ತದೆ. ಒಮ್ಮೆ ಪಾಚಿ ದಟ್ಟವಾಗಿ ಕೂತರೆ ಹವಳದ ಮಾಂಸಕ್ಕೆ ಅದನ್ನು ದಾಟಿ ಬರುವುದು ಕಷ್ಟ. ಗಾಯ ಎಷ್ಟು ದೊಡ್ಡದು ಎಂಬುದಕ್ಕಿಂತ ಪಾಚಿ ಮತ್ತು ಮಾಂಸ ಈ ಎರಡರಲ್ಲಿ ಯಾವುದು ಮೊದಲು ತಲುಪುತ್ತದೆ ಎಂಬುದು ಎಷ್ಟೋ ಸಲ ಮುಖ್ಯವಾಗುತ್ತದೆ. ತೊಟ್ಟಿಯಲ್ಲಿ ಪಾಚಿ ಮೇಯುವ ಶಂಖುಹುಳು, ಮೀನು ಇರಬೇಕೆನ್ನುವುದು ಇದೇ ಕಾರಣಕ್ಕೆ.

ಗಾಯವನ್ನು ಓದುವುದು ಚಿಕಿತ್ಸೆಯ ಅರ್ಧ ಕೆಲಸ. ಮೊದಲ ತಪ್ಪು ನಡೆಯುವುದು ಬಿಳಿಚುವಿಕೆಯನ್ನು ಗಾಯ ಎಂದುಕೊಳ್ಳುವಲ್ಲಿ. ಬಿಳಿಚಿದ ಹವಳದಲ್ಲಿ ಒಳಗಿನ ಪಾಚಿ ಹೊರಟುಹೋಗಿರುತ್ತದೆ, ಮಾಂಸ ಮಾತ್ರ ಗಾಜಿನಂತೆ ತಿಳಿಯಾಗಿ ಉಳಿದಿರುತ್ತದೆ; ಭೂತಗನ್ನಡಿ ಹಿಡಿದು ನೋಡಿದರೆ ಕರಬಳ್ಳಿಗಳು ಕಾಣುತ್ತವೆ. ಅದು ಹಸಿದಿದೆ, ಸತ್ತಿಲ್ಲ. ಮಾಂಸ ಕಳಚಿದ್ದರೆ ಚೂಪಾದ ಗಡಿರೇಖೆ ಇರುತ್ತದೆ, ಅದರಾಚೆ ಬರೀ ಅಸ್ಥಿಯ ಬಟ್ಟಲುಗಳು. ಆ ಅಸ್ಥಿ ಬೆಳ್ಳಗೇ ಇದ್ದರೆ ಗಾಯ ತಾಜಾ. ಹಸಿರು ಪೊರೆ ಹತ್ತಿದ್ದರೆ ಕೆಲವು ದಿನಗಳ ಹಿಂದಿನದು. ಬೆಳ್ಳನೆಯ ಪಟ್ಟಿಯ ಹಿಂದೆಯೇ ಹಸಿರು, ಅದರ ಹಿಂದೆ ಕಂದು ಎಂದು ಸಾಲಾಗಿ ಕಂಡರೆ ಮಾಂಸ ಈಗಲೂ ಹಿಂದೆ ಸರಿಯುತ್ತಿದೆ ಎಂದು ತಿಳಿಯಬೇಕು.

ಗಾಯ ಎಲ್ಲಿಂದ ಶುರುವಾಯಿತು ಎಂಬುದೂ ಮಾತಾಡುತ್ತದೆ. ಕೊಂಬೆಹವಳದ ಬುಡದಿಂದ ಮೇಲಕ್ಕೆ ಹತ್ತುವ ನಿಧಾನದ ಕಳಚುವಿಕೆಗೆ ಹೆಚ್ಚಿನ ಸಲ ನೀರಿನ ಏರುಪೇರು ಇಲ್ಲವೇ ಬುಡಕ್ಕೆ ಹರಿವು, ಬೆಳಕು ಸಾಲದಿರುವುದು ಕಾರಣ. ತುದಿಗಳು ಸುಟ್ಟಂತಾದರೆ ಕ್ಷಾರೀಯತೆ ಹಠಾತ್ತಾಗಿ ಏರಿರಬಹುದು, ಪೋಷಕಾಂಶ ತೀರಾ ಬತ್ತಿರಬಹುದು. ಒಂದೇ ಬದಿ ಸುಟ್ಟಿದ್ದರೆ ಪಕ್ಕದ ಹವಳ ರಾತ್ರಿ ಕುಟುಕು ಬಳ್ಳಿ ಚಾಚಿರುತ್ತದೆ. ಹವಳಗಳು ಜಾಗಕ್ಕಾಗಿ ಕಾದಾಡುತ್ತವೆ, ಕೆಲವಕ್ಕೆ ಗೇಣುದ್ದದ ಆಯುಧವಿದೆ. ಕಚ್ಚಿದಂಥ ಚಿಕ್ಕ ಚಿಕ್ಕ ಗುರುತುಗಳಿದ್ದರೆ ಚಪ್ಪಟೆ ಹುಳು ಇಲ್ಲವೇ ನ್ಯೂಡಿಬ್ರಾಂಕ್ ಎಂಬ ಬರಿಮೈ ಶಂಖುಹುಳುವನ್ನು, ಅವುಗಳ ಮೊಟ್ಟೆಯನ್ನು ಹುಡುಕಬೇಕು. ದೊಡ್ಡ ಪಾಲಿಪ್‌ನ ಹವಳದ ಮೇಲೆ ಕಂದು ಲೋಳೆ ತೂಗಾಡುತ್ತ ಕೆಟ್ಟ ವಾಸನೆ ಬಂದರೆ ಅದು ಮಾಂಸ ತಿನ್ನುವ ಸೂಕ್ಷ್ಮ ಸಿಲಿಯೇಟ್‌ಗಳ ಹಾವಳಿ. ಗಂಟೆಗಳ ಲೆಕ್ಕದಲ್ಲಿ ಪಕ್ಕದ ಹವಳಕ್ಕೂ ದಾಟುತ್ತದೆ. ಕೆಲಸ ಬೇಗ ಆಗಬೇಕಾದ್ದು ಇಲ್ಲಿ.

ಇನ್ನು ಮದ್ದು. ಬಳಕೆಯಲ್ಲಿರುವ ಉಪಾಯಗಳನ್ನು ನೋಡಿದರೆ ಬಹಳ ಹಳೆಯದೂ ಬಹಳ ನಂಬಿಕೆಯದೂ ಕತ್ತರಿಯೇ. ಸರಿಯುತ್ತಿರುವ ಗಡಿರೇಖೆಯಿಂದ ಸುಮಾರು ಒಂದು ಸೆಂಟಿಮೀಟರ್ ಆಚೆಗೆ, ಆರೋಗ್ಯವಂತ ಮಾಂಸದಲ್ಲೇ ಕತ್ತರಿಸಿ, ಒಳ್ಳೆಯ ತುಂಡನ್ನು ಬೇರೆ ಕಲ್ಲಿಗೆ ಸಯನೋಅಕ್ರಿಲೇಟ್ ಜೆಲ್ ಅಂಟಿನಿಂದ ಕೂರಿಸುವುದು. ಕತ್ತರಿಸಲಾಗದ ಗುಂಡು ಹವಳದಲ್ಲಿ ಗಡಿರೇಖೆಯ ಮೇಲೆಯೇ ಆ ಅಂಟನ್ನು ಬಳಿದು ಹಬ್ಬುವಿಕೆ ನಿಲ್ಲಿಸಲು ನೋಡುತ್ತಾರೆ. ಕಂದು ಲೋಳೆಯನ್ನು ಕೊಳವೆಯಿಂದ ಹೀರಿ ತೊಟ್ಟಿಯ ಹೊರಗೆ ಚೆಲ್ಲಿ, ಉಳಿದ ಹವಳವನ್ನು ಬೇರೆ ಪಾತ್ರೆಯಲ್ಲಿ ಅಯೋಡಿನ್ ಬೆರೆತ ಸಮುದ್ರದ ನೀರಿನಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಅಯೋಡಿನ್ ಮೇಲ್ಮೈಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಹುಳುಗಳ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊಟ್ಟೆಯನ್ನು ಕೈಯಾರೆ ಕೆರೆದು ತೆಗೆದು, ಅವು ಒಡೆಯುವ ಅವಧಿ ನೋಡಿ ಮತ್ತೆ ಅದ್ದಬೇಕು. ಅದ್ದುವುದೇ ಹವಳಕ್ಕೆ ಒಂದು ಪೆಟ್ಟು. ಮಾಂಸ ಕಳಚುತ್ತಲೇ ಇರುವ ಹವಳವನ್ನು ದಿನಕ್ಕೆರಡು ಸಲ ಎತ್ತಿ ಅದ್ದಿ ಕೊಂದವರೇ ಹೆಚ್ಚು.

ಪ್ರತಿಜೀವಕಗಳ ಬಗ್ಗೆ ನನಗೆ ಖಚಿತವಾದ ವಿರೋಧವಿದೆ. ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಪುಡಿಮಾಡಿ ಹವಳ ಅದ್ದುವ ರೂಢಿ ಹೊರದೇಶದ ಹವ್ಯಾಸಿಗಳಲ್ಲಿ ಹಬ್ಬಿದೆ, ಕೆಲವು ಸಲ ಕಳಚುವಿಕೆ ನಿಂತದ್ದೂ ಉಂಟು. ಆದರೆ ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಿಲ್ಲದೆ, ಅಳತೆ ಗೊತ್ತಿಲ್ಲದೆ, ಉಳಿದ ನೀರನ್ನು ಬಚ್ಚಲಿಗೆ ಚೆಲ್ಲಿದರೆ ಅದು ಚರಂಡಿ ಸೇರಿ ಹಳ್ಳ ಸೇರುತ್ತದೆ. ಮನುಷ್ಯರ ಜೀವ ಉಳಿಸುವ ಔಷಧಗಳಿಗೇ ಬ್ಯಾಕ್ಟೀರಿಯಾ ಬಗ್ಗದಂತಾಗುತ್ತಿರುವ ಈ ದೇಶದಲ್ಲಿ ಒಂದು ತೊಟ್ಟಿಗಾಗಿ ಆ ಅಪಾಯ ಬೇಡ. ಇದರ ಮೇಲೆ, ಮೀನಿನ ಹೇಲಿನಿಂದ ಬರುವ ಅಮೋನಿಯಾವನ್ನು ನೈಟ್ರೇಟ್ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಅದೇ ಔಷಧಕ್ಕೆ ಸಾಯುವುದರಿಂದ, ಔಷಧ ತೊಟ್ಟಿಗೇ ಬಿದ್ದರೆ ಗಾಯ ಒಂದಿದ್ದ ಕಡೆ ಹತ್ತಾಗುತ್ತದೆ.

ಎಲ್ಲ ಉಪಾಯಗಳ ಹಿಂದೆ ನಿಂತಿರುವುದು ನೀರು. ಉಷ್ಣತೆ 25–26 ಡಿಗ್ರಿ, ಉಪ್ಪು ಸಾವಿರಕ್ಕೆ 35 ಭಾಗ, ಲೀಟರಿಗೆ ಕ್ಯಾಲ್ಸಿಯಂ 400–450 ಮಿಲಿಗ್ರಾಂ, ಮೆಗ್ನೀಷಿಯಂ 1,300ರ ಆಸುಪಾಸು, ಕ್ಷಾರೀಯತೆ, ಅದರ ಅಳತೆಮಾನವಾದ ಡಿಕೆಎಚ್‌ನಲ್ಲಿ, 7–9. ಹವಳವನ್ನು ಕಾಯುವುದು ಈ ಅಂಕಿಗಳ ಸ್ಥಿರತೆ. ಕ್ಷಾರೀಯತೆ ದಿನಕ್ಕೆ ಒಂದು ಡಿಕೆಎಚ್‌ಗಿಂತ ಹೆಚ್ಚು ಜಿಗಿದರೆ, ಜಿಗಿದು ನಿಂತ ಜಾಗ ಎಷ್ಟೇ ಸರಿಯಾದ ಅಂಕಿಯಾಗಿದ್ದರೂ, ಕೊಂಬೆಹವಳದ ಮಾಂಸ ಕಳಚಬಹುದು. ಬಿಳಿ ಕಲೆ ಕಂಡ ದಿನ ಗಾಬರಿಯಿಂದ ಅರ್ಧ ತೊಟ್ಟಿ ನೀರು ಬದಲಿಸಿ, ಬೆಳಕು ಬದಲಿಸಿ, ಹವಳದ ಜಾಗವನ್ನೂ ಬದಲಿಸುವವರು ತಿಳಿಯದೆ ಅದನ್ನೇ ಮಾಡುತ್ತಾರೆ. ಮೊದಲು ಅಳೆಯಬೇಕು. ಕಳೆದ ವಾರ ಏನು ಬದಲಾಯಿತು ಎಂದು ನೆನಪು ಮಾಡಿಕೊಳ್ಳಬೇಕು. ಆಮೇಲೆ ಒಂದನ್ನು ಮಾತ್ರ ಸರಿಪಡಿಸಿ ಕಾಯಬೇಕು.

ನಮ್ಮ ಸೀಮೆಯಲ್ಲಿ ಈ ಸ್ಥಿರತೆಯೇ ದೊಡ್ಡ ಸವಾಲು. ಹೊರದೇಶದ ಪುಸ್ತಕಗಳು ಹೇಳುವ ಎಷ್ಟೋ ಉಪಾಯಗಳು ಜೋಯಿಡಾದ ಜುಲೈ ತಿಂಗಳನ್ನು ಕಂಡಿಲ್ಲ. ಬೇಸಿಗೆಯಲ್ಲಿ ತೊಟ್ಟಿಯ ನೀರು 30 ಡಿಗ್ರಿ ದಾಟದಂತೆ ಮೇಲೆ ಫ್ಯಾನ್ ತಿರುಗಿಸಿ ನೀರು ಆವಿಯಾಗಿಸುವುದು ಅಗ್ಗದ ದಾರಿ. ಹಳಿಯಾಳ, ಮುಂಡಗೋಡದ ಮಾರ್ಚ್ ತಿಂಗಳ ಒಣ ಗಾಳಿಗೆ ಅದು ನಡೆಯುತ್ತದೆ. ಮಳೆಗಾಲದಲ್ಲಿ ಗಾಳಿಯೇ ನೀರಿನಿಂದ ತುಂಬಿರುವಾಗ ಫ್ಯಾನ್ ಬರೀ ಸದ್ದು ಮಾಡುತ್ತದೆ. ಪಂಪು, ದೀಪಗಳ ಬಿಸಿ ಹೋಗುವ ದಾರಿ ಇಲ್ಲದೆ, ಹೊರಗೆ ತಂಪಿದ್ದರೂ ಮುಚ್ಚಿದ ಕೋಣೆಯ ತೊಟ್ಟಿ ಕಾವೇರಬಹುದು.

ಇದಕ್ಕಿಂತ ಸೂಕ್ಷ್ಮವಾದದ್ದು ಸುಣ್ಣದ ಲೆಕ್ಕ. ಅಸ್ಥಿ ಕಟ್ಟಲು ಹವಳ ದಿನವೂ ನೀರಿನಿಂದ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆಯನ್ನು ಎಳೆದುಕೊಳ್ಳುತ್ತದೆ. ಅದನ್ನು ತುಂಬಿಕೊಡಲು ಸುಣ್ಣದ ತಿಳಿನೀರನ್ನು ತೊಟ್ಟಿಯಿಂದ ಆವಿಯಾದಷ್ಟು ಪ್ರಮಾಣದಲ್ಲಿ ಹನಿಹನಿಯಾಗಿ ಬಿಡುವ ಪದ್ಧತಿ ಬಹಳ ಕಡೆ ಇದೆ. ಅಂದರೆ ಸುಣ್ಣ ಎಷ್ಟು ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಗಾಳಿಯ ಒಣತನ. ಏಪ್ರಿಲ್‌ನಲ್ಲಿ ಸರಿಯಾಗಿ ನಡೆದ ತೊಟ್ಟಿಯಲ್ಲಿ ಜೂನ್ ಮೂರನೇ ವಾರಕ್ಕೆ ಆವಿಯಾಗುವುದು ನಿಲ್ಲುತ್ತದೆ, ಸುಣ್ಣದ ಹನಿಯೂ ನಿಲ್ಲುತ್ತದೆ, ಕ್ಷಾರೀಯತೆ ಸದ್ದಿಲ್ಲದೆ ಇಳಿಯುತ್ತದೆ. ಹವಳದ ಬುಡ ಬೆಳ್ಳಗಾದಾಗ ರೋಗ ಬಂತೆಂದು ತಿಳಿದು ಅಯೋಡಿನ್‌ನಲ್ಲಿ ಅದ್ದಿದರೆ ಏನು ಪ್ರಯೋಜನ? ಮಲೆನಾಡಿನಲ್ಲಿ ಸುಣ್ಣವನ್ನು ಆವಿಯ ಲೆಕ್ಕದಿಂದ ಬಿಡಿಸಿ, ಅಳತೆಯ ಪಂಪಿನಿಂದ ಬೇರೆಯಾಗಿ ಕೊಡುವುದೇ ಸರಿ. ಎಲೆಅಡಿಕೆಯ ಸುಣ್ಣ ಇದಕ್ಕೆ ಬೇಡ, ಅದರಲ್ಲಿ ಬೇರೆ ಏನೇನಿದೆ ಎಂದು ತಿಳಿಯುವುದಿಲ್ಲ. ತಿಳಿನೀರಿನ ಪಿಎಚ್ 12 ದಾಟಿರುವುದರಿಂದ ಕಣ್ಣಿಗೆ ಬಿದ್ದರೂ ಅಪಾಯ, ಒಮ್ಮೆಲೇ ತೊಟ್ಟಿಗೆ ಸುರಿದರೂ ಅಪಾಯ.

ಕರೆಂಟಿನ ಮಾತಿಗೆ ಬಂದರೆ, ಸೂಪಾ ಅಣೆಕಟ್ಟಿನ ನೀರು ನಾಗಝರಿಯಲ್ಲಿ ವಿದ್ಯುತ್ ಆಗಿ ರಾಜ್ಯಕ್ಕೆಲ್ಲ ಹರಿದರೂ, ಮಳೆಗಾಲದಲ್ಲಿ ಕಾಡಿನ ನಡುವಿನ ತಂತಿಯ ಮೇಲೆ ಮರ ಬಿದ್ದರೆ ಹಳ್ಳಿಗಳು ಕತ್ತಲಲ್ಲಿ ಕೂರುತ್ತವೆ. ಪಂಪು ನಿಂತ ತೊಟ್ಟಿಯಲ್ಲಿ ಮೊದಲು ತೀರುವುದು ಆಮ್ಲಜನಕ. ದೀಪಕ್ಕೆ ಇನ್ವರ್ಟರ್ ಬೇಕಿಲ್ಲ, ಹವಳ ಎರಡು ದಿನ ಕತ್ತಲನ್ನು ತಡೆಯುತ್ತದೆ; ಬ್ಯಾಟರಿಯನ್ನು ನೀರು ತಿರುಗಿಸುವ ಒಂದು ಪಂಪಿಗೆ ಮೀಸಲಿಡಬೇಕು. ನಲ್ಲಿಯ ನೀರನ್ನೂ ಬೋರ್‌ವೆಲ್ ನೀರನ್ನೂ ನೇರವಾಗಿ ಬಳಸುವಂತಿಲ್ಲ. ಕ್ಲೋರಿನ್, ನೈಟ್ರೇಟ್, ಸಿಲಿಕೇಟ್ ಇರಬಹುದು. ಹಿತ್ತಾಳೆಯ ನಲ್ಲಿ, ತಾಮ್ರದ ಪಾತ್ರೆಯಿಂದ ಸೇರುವ ತಾಮ್ರವಂತೂ ಬೆನ್ನುಮೂಳೆಯಿಲ್ಲದ ಈ ಜೀವಿಗಳಿಗೆ ನೇರ ವಿಷ. ಆರ್‌ಓ ನಂತರ ಡಿಅಯೊನೈಸಿಂಗ್ ರಾಳದ ಮೂಲಕ ಹಾಯಿಸಿದ ನೀರಿಗೇ ಉಪ್ಪು ಬೆರೆಸಬೇಕು. ಸೊಳ್ಳೆಗೆ ಹೊಡೆಯುವ ಸ್ಪ್ರೇ ಕೂಡ ಗಾಳಿಯ ಪಂಪಿನ ಮೂಲಕ ತೊಟ್ಟಿ ಸೇರುತ್ತದೆ ಎಂಬುದನ್ನು ಮರೆಯಬಾರದು.

ಸಾಕುವವರ ಜೀವದ ಬಗ್ಗೆ ಒಂದು ಎಚ್ಚರಿಕೆ. ಕಾನೂನು ಅಡ್ಡಿಪಡಿಸದ ಜೋಆಂಥಿಡ್, ಅದರ ನೆಂಟ ಪಾಲಿಥೋಆ ಜಾತಿಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ವಿಷವನ್ನು ಹೊಂದಿವೆ. ಪ್ರಕೃತಿಯಲ್ಲಿ ಸಿಗುವ ಅತ್ಯಂತ ತೀವ್ರ ವಿಷಗಳಲ್ಲಿ ಅದು ಒಂದು. ಗಾಯಗೊಂಡ ಪಾಲಿಪ್ ಕತ್ತರಿಸುವಾಗ ಕೈಗವಸು, ಕನ್ನಡಕ ಬೇಕೇ ಬೇಕು. ಇವು ಬೆಳೆದ ಕಲ್ಲನ್ನು ಶುಚಿ ಮಾಡಲೆಂದು ಕುದಿಸಿದ ಮನೆಗಳಲ್ಲಿ ಹಬೆ ಉಸಿರಾಡಿ ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಮಕ್ಕಳಿರುವ ಮನೆಗೆ ನಾನು ಇವನ್ನು ಹೇಳುವುದೇ ಇಲ್ಲ. ಉಪ್ಪುನೀರಿನ ಆಸೆ ತೀರದವರಿಗೆ ತೊಟ್ಟಿಯಲ್ಲೇ ಹುಟ್ಟಿಸಿದ ಕೋಡಂಗಿ ಮೀನು ಇದೆ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅದರ ಸಂತಾನ ಪಡೆಯುವ ತಂತ್ರವನ್ನು ರೂಪಿಸಿಕೊಟ್ಟಿರುವುದರಿಂದ, ಕಡಲನ್ನು ಬರಿದು ಮಾಡದೆ ಸಾಕಬಹುದು.

ಕಡಲಿನಲ್ಲಿ ಚಿಕಿತ್ಸೆ ಕೊಡಲು ಹೋದವರ ಅನುಭವ ತೊಟ್ಟಿಯ ಪಾಠವನ್ನೇ ದೊಡ್ಡದಾಗಿ ತೋರಿಸುತ್ತದೆ. 2014ರಲ್ಲಿ ಮಿಯಾಮಿಯ ಬಳಿ ಕಾಣಿಸಿಕೊಂಡ ಕಲ್ಲುಹವಳದ ಅಂಗಾಂಶ ನಾಶ ರೋಗ ಫ್ಲೋರಿಡಾದ ದಿಬ್ಬಗಳನ್ನೆಲ್ಲ ದಾಟಿ ಕೆರಿಬಿಯನ್ ತುಂಬ ಹಬ್ಬಿದೆ. 20ಕ್ಕೂ ಹೆಚ್ಚು ಜಾತಿಗಳು ಅದಕ್ಕೆ ತುತ್ತಾಗುತ್ತವೆ. ಅಲ್ಲಿನ ವಿಜ್ಞಾನಿಗಳು ಅಮಾಕ್ಸಿಸಿಲಿನ್ ಬೆರೆಸಿದ, ನಿಧಾನವಾಗಿ ಔಷಧ ಬಿಡುವ ಮುಲಾಮನ್ನು ನೀರಿನಡಿಯಲ್ಲಿ ಕೈಯಿಂದ ಗಾಯದ ಅಂಚಿಗೆ ಬಳಿದರು. ಕ್ಲೋರಿನ್ ಬೆರೆಸಿದ ಎಪಾಕ್ಸಿಗಿಂತ ಇದು ಬಹಳ ಚೆನ್ನಾಗಿ ಫಲಿಸಿತು. ಬಳಿದ ಗಾಯಗಳಲ್ಲಿ ಹೆಚ್ಚಿನವು ನಿಂತವು. ಆದರೆ ಅದೇ ಹವಳದ ಬೇರೆ ಕಡೆ ಹೊಸ ಗಾಯ ಮೂಡಿತು, ಮತ್ತೆ ಬಳಿಯಬೇಕಾಯಿತು. ಮುಲಾಮು ಗಾಯವನ್ನು ಗುಣಪಡಿಸಿತೇ ಹೊರತು ರೋಗವನ್ನಲ್ಲ. ಈಗ ಹವಳದ್ದೇ ಮೈಯಿಂದ ಪಡೆದ ಒಳ್ಳೆಯ ಬ್ಯಾಕ್ಟೀರಿಯಾವನ್ನು ಬಳಸಿ ನೋಡುತ್ತಿದ್ದಾರೆ. ಪ್ರತಿಜೀವಕಕ್ಕಿಂತ ಈ ದಾರಿಯಲ್ಲಿ ನನಗೆ ಹೆಚ್ಚು ಭರವಸೆ.

ಅದೇ ಫ್ಲೋರಿಡಾದ ಎಲ್ಕ್‌ಹಾರ್ನ್ ಹವಳಕ್ಕೆ ಬಿಳಿ ಬೊಬ್ಬೆ ರೋಗ ತಂದದ್ದು ಮನುಷ್ಯರ ಮಲದಲ್ಲಿ ಇರಬಲ್ಲ ಸೆರಾಶಿಯಾ ಬ್ಯಾಕ್ಟೀರಿಯಾ ಎಂದು 2002ರಲ್ಲಿ ಗೊತ್ತಾಯಿತು. ಅದು ಚರಂಡಿ ನೀರಿನಿಂದಲೇ ಬಂದದ್ದೆಂದು 2011ರಲ್ಲಿ ಪ್ರಯೋಗದಿಂದ ಖಚಿತವಾಯಿತು. ಅಲ್ಲಿ ಬೇಕಾದ ಮದ್ದು ಕೊಳಚೆ ಶುದ್ಧೀಕರಣ ಘಟಕ. ಇನ್ನೊಂದು ಕಥೆ ಹೆಚ್ಚು ಸಂತೋಷದ್ದು. ಮೋಟ್ ಸಾಗರ ಪ್ರಯೋಗಾಲಯದಲ್ಲಿ ಡೇವಿಡ್ ವಾನ್ ಅವರ ಕೈಯಿಂದ ಹವಳವೊಂದು ಆಕಸ್ಮಿಕವಾಗಿ ತುಂಡಾಯಿತು. ಸಾಯುತ್ತವೆ ಎಂದುಕೊಂಡ ಚೂರುಗಳು ಕೆಲವೇ ದಿನಗಳಲ್ಲಿ ಅಂಚು ಚಾಚಿ ಬೆಳೆದಿದ್ದವು. ಉಗುರಗಲದ ಚೂರುಗಳನ್ನು ಒತ್ತೊತ್ತಾಗಿ ನೆಟ್ಟರೆ ಅವು ಹತ್ತಾರು ಪಟ್ಟು ವೇಗವಾಗಿ ಬೆಳೆದು ಮತ್ತೆ ಒಂದಾಗುತ್ತವೆ. ಗಾಯ ಮಾಯಿಸಲು ಹವಳದಲ್ಲಿ ಇರುವ ಶಕ್ತಿಯನ್ನೇ ಬೆಳವಣಿಗೆಗೆ ತಿರುಗಿಸಿದ ಈ ವಿಧಾನ ಇಂದು ಹಲವು ದೇಶಗಳಲ್ಲಿದೆ.

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಮನ್ನಾರ್ ಕೊಲ್ಲಿಯಲ್ಲಿ ತೂತುಕುಡಿಯ ಸುಗಂತಿ ದೇವದಾಸನ್ ಸಂಸ್ಥೆ ಸಿಮೆಂಟಿನ ಹಲಗೆಗಳ ಮೇಲೆ ತುಂಡು ಹವಳ ಕಟ್ಟಿ ಎರಡು ದಶಕಗಳಿಂದ ಬೆಳೆಸುತ್ತಿದೆ. ಕಛ್ ಕೊಲ್ಲಿಯ ಮೀಠಾಪುರದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ 2020ರ ಜನವರಿಯಲ್ಲಿ ಕಬ್ಬಿಣದ ಚೌಕಟ್ಟಿಗೆ ಸಣ್ಣ ವಿದ್ಯುತ್ ಹರಿಸಿ ಅದರ ಮೇಲೆ ಸುಣ್ಣ ಕಟ್ಟುವಂತೆ ಮಾಡಿ ಹವಳ ಕೂರಿಸಿತು. ಆದರೆ ಕಡಲಿನ ಬಿಸಿ ಇದೆಲ್ಲವನ್ನೂ ಮೀರಿ ಏರುತ್ತಿದೆ. 2024ರ ಏಪ್ರಿಲ್‌ನಲ್ಲಿ ನಾಲ್ಕನೇ ಜಾಗತಿಕ ಬಿಳಿಚುವಿಕೆ ಘೋಷಣೆಯಾಯಿತು. ಲಕ್ಷದ್ವೀಪದಲ್ಲೂ ವ್ಯಾಪಕವಾಗಿ ಹವಳ ಬಿಳಿಚಿತು.

ನಮ್ಮ ಸೀಮೆಗೆ ಇನ್ನೂ ಹತ್ತಿರದ ಒಂದು ಗಾಯವಿದೆ. ಕೆರೆಯ ಮೀನಿಗೆ ಬರುವ ಹುಣ್ಣು ರೋಗ 1988ರಲ್ಲಿ ಈಶಾನ್ಯದಿಂದ ಭಾರತಕ್ಕೆ ಕಾಲಿಟ್ಟಿತು. ಅಫನೋಮೈಸಿಸ್ ಎಂಬ ನೀರಿನ ಬೂಷ್ಟು ಮೀನಿನ ಚರ್ಮ ತೂರಿ ಮಾಂಸ ಕೊರೆಯುತ್ತದೆ. ಕೊರವದಂಥ ನಾಡಮೀನಿಗೆ ಹೆಚ್ಚು ಕಾಟ. ಮಳೆ ಮುಗಿದು ಚಳಿ ಶುರುವಾಗಿ ನೀರಿನ ಕ್ಷಾರೀಯತೆ ಕಡಿಮೆಯಿರುವಾಗ ಅದು ಏಳುತ್ತದೆ. ಭುವನೇಶ್ವರದ ಸಿಹಿನೀರು ಮೀನುಕೃಷಿ ಸಂಸ್ಥೆ ಸಿಫಾಕ್ಸ್ ಎಂಬ ಔಷಧ ತಂದಿತು. ಆದರೆ ಮುಂಡಗೋಡ, ಹಳಿಯಾಳದ ಕೆರೆಗಳಲ್ಲಿ ಮರಿ ಬಿಡುವವರು ಮೊದಲು ಮಾಡಬೇಕಾದದ್ದು ನೀರು ಪರೀಕ್ಷಿಸಿ, ಮಳೆಗಾಲದ ಕೊನೆಯಲ್ಲೇ ಅಳತೆಯ ಸುಣ್ಣ ಹಾಕುವುದು. ಕೆಂಪು ಜಂಬಿಟ್ಟಿಗೆಯ ಹುಳಿಮಣ್ಣಿನ ನೀರಿಗೆ ಅದು ಅಗತ್ಯ. ಹವಳದ ತೊಟ್ಟಿಗೆ ಬೇಕಾದ ಕ್ಷಾರೀಯತೆಯೇ ಈ ಮೀನಿನ ಚರ್ಮವನ್ನೂ ಕಾಯುತ್ತದೆ.

ಇನ್ನು ನೇತ್ರಾಣಿ. ನೌಕಾಪಡೆ ಬಹುಕಾಲ ಗುರಿ ಅಭ್ಯಾಸಕ್ಕೆ ಬಳಸಿದ ಈ ದ್ವೀಪದ ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ, ಬುಡದಲ್ಲಿ ಹವಳ ಬಂಡೆಗೆ ಅಂಟಿ ಬೆಳೆಯುತ್ತದೆ. ಅಲ್ಲಿ ಯಾರೂ ಮುಲಾಮು ಹಚ್ಚಬೇಕಾಗಿಲ್ಲ. ಬೇಕಾದದ್ದು ದೋಣಿಗಳು ಲಂಗರು ಎಸೆಯದೆ ಕಟ್ಟಿಕೊಳ್ಳಲು ಶಾಶ್ವತವಾದ ತೇಲುಬುರುಡೆಗಳು, ಬಂಡೆಗೆ ಸಿಕ್ಕ ಹರುಕು ಬಲೆಗಳನ್ನು ಮುಳುಗುಗಾರರು ಎಳೆದು ತರಬೇಕಾದ ಕೆಲಸ, ಕಾಲುರೆಕ್ಕೆ ಹವಳಕ್ಕೆ ತಾಗದಂತೆ ಹೊಸಬರಿಗೆ ದಡದಲ್ಲೇ ತರಬೇತಿ. ಜೊತೆಗೆ ವರ್ಷ ವರ್ಷವೂ ಗುರುತು ಹಾಕಿದ ಅದೇ ಹವಳಗಳ ಚಿತ್ರ. ಬಿಳಿ ಕಲೆ ಕಂಡವರು ಕೈಯಿಂದ ಮುಟ್ಟದೆ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಚಿತ್ರ ತೆಗೆದು, ದಿನಾಂಕ, ಆಳ, ನೀರಿನ ಉಷ್ಣತೆ ಬರೆದು ಕಾರವಾರಕ್ಕೆ ಕಳಿಸಲಿ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ, ಅದೇ ಊರಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಮಾಂಸ ಕಳಚಿದ್ದೋ ಬಿಳಿಚಿದ್ದೋ ಎಂದು ಚಿತ್ರ ನೋಡಿ ಹೇಳಬಲ್ಲವರು ಅಲ್ಲಿದ್ದಾರೆ. ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ದೋಣಿಗಳು ಮತ್ತೆ ಮುರ್ಡೇಶ್ವರದಿಂದ ಹೊರಡುತ್ತವೆ. ಆ ಋತುವಿನ ಮೊದಲ ಮುಳುಗುಗಳನ್ನು ಪ್ರವಾಸಿಗರಿಗೆ ಕೊಡುವ ಮುನ್ನ ಈ ಲೆಕ್ಕಕ್ಕೆ ಮೀಸಲಿಡಬೇಕು.